ಮೊಸಾಯಿಕ್ ನೆಲದಡಿ ಹೀಟಿಂಗ್: ಕೇಬಲ್ಲೋ, ಬಿಸಿನೀರಿನ ಪೈಪೋ?

ಪ್ರಶ್ನೆ: ಬೆಳಗಾವಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಟೈಲ್ಸ್ ಬೇಡ, ಹಳೇ ಮನೆಗಳಲ್ಲಿದ್ದಂತೆ ಸ್ಥಳದಲ್ಲೇ ಹಾಕುವ ಮೊಸಾಯಿಕ್ ನೆಲವೇ ಬೇಕು. ಆದರೆ ಡಿಸೆಂಬರ್-ಜನವರಿಯ ನಸುಕಿನಲ್ಲಿ ಅದರ ಮೇಲೆ ಕಾಲಿಡಲಾಗದು ಎಂದು ಅವ್ವನ ತಕರಾರು. ನೆಲದಡಿ ಹೀಟಿಂಗ್ ಹಾಕಿಸುವುದಾದರೆ ಯಾವುದು ಒಳ್ಳೆಯದು?

ಉತ್ತರ: ಅವ್ವ ಮಲಗುವ ಕೋಣೆಗೆ ಮಾತ್ರ ವಿದ್ಯುತ್ ಹೀಟಿಂಗ್ ಕೇಬಲ್ ಹಾಕಿಸಿ. ಇಡೀ ಮನೆಗೆ ಬೇಡ. ವಿಜಯಪುರ, ಬಾಗಲಕೋಟೆಯವರು ಕೇಳಿದ್ದರೆ ಒಂದು ಕೋಣೆಗೂ ಬೇಡ ಎನ್ನುತ್ತಿದ್ದೆವು.

ಮೊಸಾಯಿಕ್ ಕೋಣೆಯ ಗಾಳಿಗಿಂತ ಹೆಚ್ಚು ತಣ್ಣಗೇನೂ ಇರುವುದಿಲ್ಲ. ಸಿಮೆಂಟು ಮತ್ತು ಮಾರ್ಬಲ್ ಚಿಪ್ಸು ಅಂಗಾಲಿನ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಹಾಗನಿಸುತ್ತದೆ. ಅದೇ ಗುಣ ಹೀಟಿಂಗ್‌ಗೆ ಅನುಕೂಲ. ಕೆಳಗಿನ ಶಾಖ ತಡೆಯಿಲ್ಲದೆ ಮೇಲೆ ಬರುತ್ತದೆ. ಮೇಲ್ಮೈ 26-27 ಡಿಗ್ರಿ ಆದರೆ ಸಾಕು. ವಾಸದ ಕೋಣೆಗೆ ಯುರೋಪಿನ ಮಾನದಂಡ ಹಾಕಿರುವ ಮಿತಿಯೇ 29 ಡಿಗ್ರಿ.

ಬಿಸಿನೀರಿನ ಪದ್ಧತಿಯಲ್ಲಿ 16 ಮಿ.ಮೀ. ಪೈಪನ್ನು 15-20 ಸೆಂ.ಮೀ. ಅಂತರದಲ್ಲಿ ಹಾಸಿ 35-45 ಡಿಗ್ರಿಯ ನೀರು ಹರಿಸುತ್ತಾರೆ. ಅದಕ್ಕೆ ಪಂಪು, ಪೈಪುಗಳಿಗೆ ನೀರು ಹಂಚುವ ಮ್ಯಾನಿಫೋಲ್ಡ್, ನೀರು ಕಾಯಿಸುವ ಯಂತ್ರ ಎಲ್ಲವೂ ಬೇಕು. ತಿಂಗಳುಗಟ್ಟಲೆ ಚಳಿ ಬೀಳುವ ಊರಿಗೆ ಅದು ಸರಿ, ಎರಡು ತಿಂಗಳ ಬೆಳಗಿನ ಚಳಿಗೆ ಅಷ್ಟೆಲ್ಲ ಹೂಡುವುದು ದಂಡ. ‘ಚಾವಣಿಯ ಮೇಲೆ ಸೋಲಾರ್ ಇದೆಯಲ್ಲ’ ಎನ್ನುವವರಿದ್ದಾರೆ. 200 ಲೀಟರ್ ಟ್ಯಾಂಕಿನ ನೀರು 50ರಿಂದ 35 ಡಿಗ್ರಿಗೆ ಇಳಿದರೆ ಸಿಗುವ ಶಾಖ ಸುಮಾರು ಮೂರೂವರೆ ಯುನಿಟ್. ಒಂದು ಕೋಣೆ ಮೂರು ತಾಸು ಬೆಚ್ಚಗಾಗುತ್ತದೆ, ಸ್ನಾನಕ್ಕೆ ಬಿಸಿನೀರು ಉಳಿಯುವುದಿಲ್ಲ.

ಈಗ ಕೇಬಲ್ ಲೆಕ್ಕ. ಕಪಾಟು, ಬಾಕ್ಸ್ ಮಂಚದ ಜಾಗ ಬಿಟ್ಟು 10 ಚದರ ಮೀಟರ್ ಉಳಿಯಿತು ಎನ್ನೋಣ. ಚದರ ಮೀಟರಿಗೆ 120 ವ್ಯಾಟ್‌ನಂತೆ 1200 ವ್ಯಾಟ್. ಮೀಟರಿಗೆ 17 ವ್ಯಾಟ್‌ನ ಕೇಬಲ್ ಆದರೆ ಸುಮಾರು 70 ಮೀಟರ್ ಬೇಕು, ಸಾಲುಗಳ ನಡುವೆ 14 ಸೆಂ.ಮೀ. ಅಂತರ. ಹೆಚ್ಚಾಯಿತೆಂದು ಕೇಬಲ್ ಕತ್ತರಿಸುವಂತಿಲ್ಲ, ಒಂದರ ಮೇಲೊಂದು ಹಾಯಿಸುವಂತಿಲ್ಲ. ಎರಡರಲ್ಲೂ ಅತಿಯಾಗಿ ಕಾಯ್ದು ಸುಟ್ಟುಹೋಗುತ್ತದೆ. ಅಳತೆ ಮೊದಲು ತೆಗೆದು ಆಮೇಲೆ ಖರೀದಿಸಿ.

ಕೆಳಗಿನಿಂದ ಮೇಲಕ್ಕೆ: ಶಾಖ ಕೆಳಗಿಳಿಯದಂತೆ ತಡೆಯುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಾಳೆ 25 ಮಿ.ಮೀ., ಕೇಬಲ್ ಕಟ್ಟಿದ ಜಾಲರಿಯನ್ನು ಹುದುಗಿಸುವ ಕಾಂಕ್ರೀಟ್ 45, ಮೇಲೆ ಚಿಪ್ಸ್ ಪದರ 12. ಒಟ್ಟು 8 ಸೆಂ.ಮೀ.ಗಿಂತ ಹೆಚ್ಚೇ. ಹೊಸ್ತಿಲು ಕೂರಿಸುವ ಮುನ್ನವೇ ಈ ನಿರ್ಧಾರ ಆಗಬೇಕು. ಎಷ್ಟೋ ಮನೆಗಳಲ್ಲಿ ಹೀಟಿಂಗ್ ಕೈಬಿಡುವುದು ದುಡ್ಡಿಗಾಗಿ ಅಲ್ಲ, ಬಾಗಿಲು ಮುಚ್ಚದೆ ನೆಲಕ್ಕೆ ತಾಗುತ್ತದೆ ಎಂದು. ಕೇಬಲ್ ಎಂದೂ ಚಿಪ್ಸ್ ಪದರದೊಳಗೆ ಬರಬಾರದು, ಪಾಲಿಶ್ ಮಷೀನ್ ಅದನ್ನು ಬಿಡುವುದಿಲ್ಲ. ಗೋಡೆಗುಂಟ 8-10 ಮಿ.ಮೀ. ಫೋಮ್ ಪಟ್ಟಿ ಇರಲಿ, ಕಾಯ್ದ ನೆಲ ಹಿಗ್ಗಲು ಜಾಗ ಬೇಕು.

ಕೇಬಲ್ ಕೆಡುವುದು ಹೆಚ್ಚಾಗಿ ಗೌಂಡಿಯ ಮೊಳೆಯಿಂದ. ಮಟ್ಟದ ದಾರ ಕಟ್ಟಲು, ಗಾಜಿನ ಅಥವಾ ಹಿತ್ತಾಳೆ ಪಟ್ಟಿ ನಿಲ್ಲಿಸಲು ಕೆಳಪದರಕ್ಕೆ ಮೊಳೆ ಹೊಡೆಯುವುದು ಅವರಿಗೆ ರೂಢಿ. ಕೇಬಲ್ ಹಾಸಿದ ಮೇಲೆ ಟೇಪಿನ ಅಳತೆ ಕಾಣುವಂತೆ ಫೋಟೊ ತೆಗೆದು ಗೌಂಡಿಗೆ ತೋರಿಸಿ. ಪಟ್ಟಿಗಳನ್ನು ಗಾರೆಯಲ್ಲೇ ಕೂರಿಸಲಿ. ಪಟ್ಟಿಗಳ ನಡುವಿನ ಚೌಕ 2 ಚದರ ಮೀಟರ್ ಮೀರಿದರೆ ಬಿರುಕಿಗೆ ಆಹ್ವಾನ. ಕೇಬಲ್ ತಂದಾಗ, ಹಾಸಿದಾಗ, ಕಾಂಕ್ರೀಟ್ ಬಿದ್ದ ಮೇಲೆ, ಪಾಲಿಶ್ ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ ಓಮ್ ನೋಡಿ ಬರೆದಿಡಿ, ಕೇಬಲ್ಲಿನ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆಯನ್ನೂ ಮಾಡಿಸಿ. ಅಂಕಿ ಎಲ್ಲಿ ಬದಲಾಯಿತೋ ಅಲ್ಲಿಗೇ ಕೆಲಸ ನಿಲ್ಲಿಸಿ. ಬಿಸಿ ಕೇಬಲ್ ಮಾಮೂಲಿ ವೈರಿಗೆ ಸೇರುವ ಜಾಯಿಂಟ್ ಪೂರ್ತಿ ಕಾಂಕ್ರೀಟಿನೊಳಗಿರಲಿ, ಹೊರಗೆ ಗಾಳಿಯಲ್ಲಿದ್ದರೆ ಅದು ಸುಡುತ್ತದೆ. ಥರ್ಮೋಸ್ಟಾಟಿನ ಸೆನ್ಸರನ್ನು ತುದಿ ಮುಚ್ಚಿದ ಪೈಪಿನಲ್ಲಿ, ಎರಡು ಸಾಲುಗಳ ನಡುವೆ ಇಡಿಸಿ. ಕೆಟ್ಟರೆ ನೆಲ ಒಡೆಯದೆ ಎಳೆದು ಬದಲಿಸಬಹುದು. ಪ್ರತ್ಯೇಕ ಎಂಸಿಬಿ ಮತ್ತು ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

ನೆಲ ಬೇಗ ಒಣಗಲೆಂದು ಹೀಟಿಂಗ್ ಹಾಕುವುದು ಮಾತ್ರ ಬೇಡವೇ ಬೇಡ. ಪದರಗಳು ಒಡೆದು ಬಿಡಿಸಿಕೊಳ್ಳುತ್ತವೆ. 28 ದಿನ ಕಾಯಿರಿ, ನಂತರ ದಿನಕ್ಕೆ ಐದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ.

ಕಾಂಕ್ರೀಟ್ ಕಾಯಲು ಎರಡು-ಮೂರು ತಾಸು ಹಿಡಿಯುತ್ತದೆ. ಐದೂವರೆಗೆ ಏಳುವವರಿಗೆ ಮೂರಕ್ಕೆ ಟೈಮರ್ ಇಡಿ. ಬೆಚ್ಚಗಿದೆ ಎಂದು ಅದರ ಮೇಲೆ ಗಾದಿ ಹಾಸಿ ಮಲಗುವುದು, ದಪ್ಪ ಜಮಖಾನೆ ಹಾಸುವುದು ಸಲ್ಲದು. ಶಾಖ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯ ಸಣ್ಣ ಇನ್ವರ್ಟರ್ 1200 ವ್ಯಾಟ್ ಎಳೆಯದು, ಕರೆಂಟ್ ಹೋದರೆ ಹೀಟಿಂಗೂ ಇಲ್ಲ. ದಿನಕ್ಕೆ ನಾಲ್ಕು ತಾಸು ಪೂರ್ತಿ ಉರಿದರೆ ತಿಂಗಳಿಗೆ 144 ಯುನಿಟ್. ಗೃಹಜ್ಯೋತಿಯಲ್ಲಿರುವ ಮನೆ ಆ ತಿಂಗಳು 200 ಯುನಿಟ್ ದಾಟಿದರೆ ಪೂರಾ ಬಿಲ್ ಕಟ್ಟಬೇಕಾಗುತ್ತದೆ, ಹಾಗಾಗಿ ಅವ್ವನ ಕೋಣೆಯ ಟೈಮರನ್ನು ಫೆಬ್ರುವರಿಯಲ್ಲಿ ಮರೆಯದೆ ಆಫ್ ಮಾಡಿ.