ಖರ್ಚು ವಾಪಸ್ ಬರುವುದು ಎಣ್ಣೆ ಬಂದರೆ ಮಾತ್ರ

ಕಡಲಿನ ತೈಲಕ್ಷೇತ್ರದಲ್ಲಿ ಪಾಲು ಹಿಡಿಯಲು ಹೊರಟವರು ನನ್ನೆದುರು ಆಡುವುದು ಹೆಚ್ಚುಕಡಿಮೆ ಒಂದೇ ಮಾತು: "ಹಾಕಿದ ಖರ್ಚು ಮೊದಲು ವಾಪಸ್ ಬರುತ್ತದಲ್ಲ ಸರ್, ನಷ್ಟ ಎಲ್ಲಿಂದ?" ಪಾಲುದಾರಿಕೆಗಳ ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ಈ ಮಾತು ಕೇಳಿದಾಗಲೆಲ್ಲ ಸಹನೆ ಕೆಡುತ್ತದೆ, ಏಕೆಂದರೆ ಕೇಳುವವರಲ್ಲಿ ಹಲವರು ಸ್ವಂತ ದುಡಿಮೆಯ ಹಣ ಹಿಡಿದು ಬಂದಿರುತ್ತಾರೆ.

ಆಂಧ್ರ ಕರಾವಳಿಯ ರವ್ವಾ ಕ್ಷೇತ್ರವನ್ನೇ ನೋಡಿ. 1987ರಲ್ಲಿ ಸರ್ಕಾರಿ ಕಂಪನಿ ಒಎನ್‌ಜಿಸಿ ಪತ್ತೆಹಚ್ಚಿದ್ದು. ಸಿಕ್ಕ ಎಣ್ಣೆಯನ್ನು ಸರ್ಕಾರವೂ ಕಂಪನಿಗಳೂ ಹಂಚಿಕೊಳ್ಳುವ 'ಉತ್ಪಾದನೆ ಹಂಚಿಕೆ ಒಪ್ಪಂದ'ವಾದದ್ದು 1994ರ ಅಕ್ಟೋಬರ್‌ನಲ್ಲಿ. ಒಎನ್‌ಜಿಸಿಗೆ ಶೇ 40 ಪಾಲು, ವಿಡಿಯೋಕಾನ್‌ಗೆ 25, ಕೇರ್ನ್‌ಗೆ 22.5, ರವ್ವಾ ಆಯಿಲ್ ಸಿಂಗಪುರಕ್ಕೆ 12.5. ಕ್ಷೇತ್ರ ನಡೆಸುವ ಆಪರೇಟರ್ ಹೊಣೆ ದೊಡ್ಡ ಪಾಲಿನ ಒಎನ್‌ಜಿಸಿಯದಲ್ಲ, ಶೇ 22.5ರ ಕೇರ್ನ್‌ನದು.

ಈ ಶೇಕಡಾ ಮೊದಲು ಅನ್ವಯವಾಗುವುದು ಖರ್ಚಿಗೆ. ಇಂಥ ಪಾಲುದಾರಿಕೆಗಳಲ್ಲಿ ಆಪರೇಟರ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ 'ಕ್ಯಾಶ್ ಕಾಲ್' ಕಳುಹಿಸುತ್ತಾನೆ, ಅಂದರೆ ನಿಮ್ಮ ಪಾಲಿನ ಖರ್ಚು ಕಟ್ಟಿ ಎಂಬ ಕಾಗದ. ಬಾವಿ ಕೊರೆಯುವ ರಿಗ್ಗಿನ ದಿನಬಾಡಿಗೆ, ಸರಬರಾಜು ಹಡಗುಗಳ ಡೀಸೆಲ್, ಹೆಲಿಕಾಪ್ಟರ್, ಕೊಳವೆ, ಸಿಮೆಂಟು, ಕಡಲು ಉಕ್ಕಿ ಕೆಲಸ ನಿಂತ ದಿನಗಳ ಬಾಡಿಗೆ. ಕೊನೆಯ ಕಾಲಂನಲ್ಲಿ ನಿಮ್ಮ ಪಾಲು, ಅದರ ಪಕ್ಕದಲ್ಲಿ ಕಟ್ಟಬೇಕಾದ ತಾರೀಖು. ಎಣ್ಣೆಯ ಸುದ್ದಿಯೇ ಇಲ್ಲದ ವರ್ಷಗಳಲ್ಲೂ ಈ ಕಾಗದ ತಪ್ಪದೆ ಬರುತ್ತದೆ. ಕಟ್ಟದಿದ್ದರೆ? ಕೃಷ್ಣಾ-ಗೋದಾವರಿ ಡಿ6 ಬ್ಲಾಕಿನಲ್ಲಿ (ಎಣ್ಣೆ, ಅನಿಲ ಹುಡುಕಲು ಗುರುತಿಸಿಕೊಟ್ಟ ಪ್ರದೇಶವೇ ಬ್ಲಾಕು) ಕೆನಡಾದ ನಿಕೋ 2018ರಲ್ಲಿ ತನ್ನ ಪಾಲಿನ ಹಣ ಕಟ್ಟಲಾಗದೆ, ಕೊನೆಗೆ ಅದರ ಶೇ 10 ರಿಲಯನ್ಸ್ ಮತ್ತು ಬಿಪಿ ಕೈಸೇರಿತು.

ಈಗ ಇಂಥ ಉತ್ಪಾದನೆ ಹಂಚಿಕೆ ಒಪ್ಪಂದಗಳಲ್ಲಿ ವಾಪಸಾತಿಯ ವಿಷಯ. ಸರ್ಕಾರ ಯಾರಿಗೂ ಚೆಕ್ ಬರೆದು ಕೊಡುವುದಿಲ್ಲ. ಎಣ್ಣೆ ಸಿಗಬೇಕು, ವಾಣಿಜ್ಯ ಲೆಕ್ಕದಲ್ಲಿ ಗಿಟ್ಟಬೇಕು, ಮೇಲೆ ಬರಬೇಕು, ಮಾರಾಟವಾಗಬೇಕು. ಆಮೇಲೆ ಆ ಎಣ್ಣೆಯದೇ ಒಂದು ಭಾಗವನ್ನು ನಿಮ್ಮ ಖರ್ಚಿಗೆ ವಜಾ ಮಾಡಿಕೊಳ್ಳಲು ಬಿಡುತ್ತಾರೆ. ಉಳಿದದ್ದು ಲಾಭದ ಎಣ್ಣೆ. ಅದರಲ್ಲಿ ಸರ್ಕಾರಕ್ಕೂ ಪಾಲುಂಟು, ನಿಮ್ಮ ಗಳಿಕೆ ಏರಿದಂತೆ ಸಾಮಾನ್ಯವಾಗಿ ಅದೂ ಏರುತ್ತದೆ. ಕೊರೆದ ಬಾವಿಯಲ್ಲಿ ಎಣ್ಣೆ ಸಿಗದೆ, ಬ್ಲಾಕಿನಲ್ಲಿ ಬೇರೇನೂ ಸಿಗದಿದ್ದರೆ ವಜಾ ಮಾಡಿಕೊಳ್ಳಲು ಏನೂ ಇರುವುದಿಲ್ಲ. ಹೋದದ್ದು ಹೋಯಿತು.

ಎಣ್ಣೆ ಬಂದರೂ ಮಿತಿ ಇರಬಹುದು. ರವ್ವಾದಲ್ಲಿ ಅಭಿವೃದ್ಧಿ ವೆಚ್ಚಕ್ಕೆ ಒಪ್ಪಂದವೇ ಮಿತಿ ಹಾಕಿತ್ತು. ಕಂಪನಿಗಳು ಅದನ್ನು ಮೀರಿ ವಸೂಲು ಮಾಡಿಕೊಂಡಿವೆ ಎಂದು ಸರ್ಕಾರ ಆಕ್ಷೇಪಿಸಿತು. ಮಲೇಷ್ಯಾದಲ್ಲಿ ಕೂತ ಮಧ್ಯಸ್ಥಿಕೆ ಮಂಡಳಿ 2011ರಲ್ಲಿ ಕಂಪನಿಗಳಿಗೆ 27.8 ಕೋಟಿ ಡಾಲರ್‌ವರೆಗೆ ವಸೂಲು ಮಾಡುವ ಹಕ್ಕಿದೆ ಎಂದಿತು. ಆ ತೀರ್ಪಿನ ಜಾರಿಗೆ ನಮ್ಮ ಸುಪ್ರೀಂ ಕೋರ್ಟ್ ಸಮ್ಮತಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಷ್ಟು ವರ್ಷ ಕಾದು ನಿಲ್ಲುವ ಶಕ್ತಿ ಸಣ್ಣ ಪಾಲುದಾರನಿಗೆ ಎಲ್ಲಿಂದ ಬರಬೇಕು?

ಹುಬ್ಬಳ್ಳಿಯ ಯಂತ್ರೋಪಕರಣ ವ್ಯಾಪಾರಿಯೊಬ್ಬರು ಒಮ್ಮೆ ಸಣ್ಣ ಕ್ಷೇತ್ರವೊಂದರ ಕಾಗದ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಚುರುಕು. ಬ್ಯಾಂಕಿಗೆಂದು ತಯಾರಿಸಿದ ಹಾಳೆಯಲ್ಲಿ ಎರಡನೇ ವರ್ಷದಿಂದಲೇ 'ಖರ್ಚು ವಾಪಸಾತಿ' ಎಂದು ದೊಡ್ಡ ಮೊತ್ತ ಬರೆದಿದ್ದರು. ಒಪ್ಪಂದ ತೆರೆದರೆ ಅದು 2016ರ ನಂತರದ ಆದಾಯ ಹಂಚಿಕೆಯ ಮಾದರಿ, ಅಂದರೆ ಬಂದ ಆದಾಯದಲ್ಲೇ ನೇರವಾಗಿ ಸರ್ಕಾರಕ್ಕೆ ಪಾಲು. ಅದರಲ್ಲಿ ಖರ್ಚಿನ ವಸೂಲಿಯೇ ಇಲ್ಲ. "ಮತ್ತೆ ಎಲ್ಲರೂ ಹೇಳುತ್ತಾರಲ್ಲ?" ಎಂದರು. ಎಲ್ಲರೂ ಹೇಳುತ್ತಿದ್ದದ್ದು ಹಳೆಯ ಒಪ್ಪಂದಗಳ ಮಾತು. ಆ ಸಾಲನ್ನು ಅಳಿಸಿ ಮೊತ್ತ ಕೂಡಿದೆವು. ಅವರು ಪಾಲು ಹಿಡಿಯಲಿಲ್ಲ.

ಯಾರೂ ಇದರಲ್ಲಿ ಕೈಹಾಕಬಾರದೆಂದು ನಾನು ಹೇಳುತ್ತಿಲ್ಲ. ಒಪ್ಪಂದದಿಂದ ಒಪ್ಪಂದಕ್ಕೆ ಷರತ್ತು ಬದಲಾಗುತ್ತದೆ. ನಿಮ್ಮದನ್ನು ಓದದೆ ನಾನು ತೀರ್ಮಾನ ಕೊಡಲಾರೆ. ಬರುವಾಗ ಕಂಪನಿಯ ಬಣ್ಣದ ಕರಪತ್ರದ ಬದಲು ಕಳೆದ ವರ್ಷದ ಕ್ಯಾಶ್ ಕಾಲ್‌ಗಳು, ಪಾಲುದಾರರು ತಮ್ಮೊಳಗೆ ಮಾಡಿಕೊಂಡ ಜಂಟಿ ಕಾರ್ಯಾಚರಣೆ ಕರಾರಿನ ಲೆಕ್ಕಪತ್ರ ಅನುಬಂಧ, ಹಣ ಕಟ್ಟದಿದ್ದರೆ ಏನಾಗುತ್ತದೆ ಎಂಬ ಕಲಮು, ಇಷ್ಟನ್ನು ತನ್ನಿ.