ಅಣಕು ಕಾರ್ಯಾಚರಣೆ ಎಡವಲೇಬೇಕು

1999ರಲ್ಲಿ ಜಪಾನಿನ ಟೋಕೈಮುರಾದ ಯುರೇನಿಯಂ ಇಂಧನ ಘಟಕದ ಅಪಘಾತ ಇಬ್ಬರು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಆಮೇಲೆ ಅಲ್ಲಿನ ಸರ್ಕಾರ ಹೊಸ ಕಾನೂನು ತಂದು, ಅಣು ಸ್ಥಾವರಗಳ ಸಮೀಪದಲ್ಲೇ ತುರ್ತು ನಿರ್ವಹಣಾ ಕೇಂದ್ರಗಳನ್ನು ಕಟ್ಟಿಸಿತು. ಫುಕುಶಿಮಾ ದಾಯಿಚಿ ಅಣು ಸ್ಥಾವರಕ್ಕೆಂದು ಕಟ್ಟಿಸಿದ ಕೇಂದ್ರ, ಅಲ್ಲಿಂದ ಸುಮಾರು 5 ಕಿ.ಮೀ. ದೂರದ ಓಕುಮಾದಲ್ಲಿತ್ತು. 2011ರ ಮಾರ್ಚ್ 11ರ ಭೂಕಂಪದಲ್ಲಿ ಈ ಕೇಂದ್ರದ ಕರೆಂಟು ಹೋಯಿತು, ಫೋನುಗಳು ಸತ್ತವು. ಸ್ಥಾವರದಿಂದ ವಿಕಿರಣ ಸೋರತೊಡಗಿತು, ಆದರೆ ಅದರ ಕಣಗಳನ್ನು ತಡೆಯುವ ಫಿಲ್ಟರುಗಳನ್ನೇ ಕೇಂದ್ರದ ಕಟ್ಟಡಕ್ಕೆ ಹಾಕಿಸಿರಲಿಲ್ಲ. ಊರವರನ್ನು ಕಾಪಾಡಬೇಕಾದ ಅಧಿಕಾರಿಗಳು 15ರಂದು ತಾವೇ ಅಲ್ಲಿಂದ ಹೊರಟು ಫುಕುಶಿಮಾ ನಗರ ಸೇರಬೇಕಾಯಿತು.

ಜಪಾನಿನಲ್ಲಿ ಅಣಕು ಕಾರ್ಯಾಚರಣೆಗಳಿಗೆ ಬರವಿರಲಿಲ್ಲ. ಆದರೆ ಭೂಕಂಪವೂ ಅಣು ಅಪಘಾತವೂ ಒಟ್ಟಿಗೇ ಬಂದರೆ ಏನು ಗತಿ ಎಂದು ಅವು ಕೇಳಲಿಲ್ಲ. 2010ರಲ್ಲಿ ನೀಗಾಟ ಪ್ರಾಂತ್ಯ ಅಂಥದ್ದೊಂದು ಅಭ್ಯಾಸಕ್ಕೆ ಹೊರಟಾಗ, ಜನರಿಗೆ ಆತಂಕವಾಗುತ್ತದೆ ಎಂದು ಕೇಂದ್ರ ಸರ್ಕಾರದ ಅಣು ನಿಯಂತ್ರಣ ಸಂಸ್ಥೆಯೇ ತಡೆಯಿತು. ನನ್ನ ಮಟ್ಟಿಗೆ ಇಡೀ ದುರಂತದಲ್ಲಿ ಅತ್ಯಂತ ನೋವು ಕೊಡುವ ಸಂಗತಿ ಇದೇ.

ಒಳ್ಳೆಯ ಕಾರ್ಯಾಚರಣೆಗೆ ತಿಂಗಳುಗಟ್ಟಲೆ ತಯಾರಿ ಬೇಕು. ಏನೇನು ಅನಾಹುತ ಆಗುತ್ತದೆ ಎಂಬ ಕಥೆ ಬರೆಯುವ ಸಣ್ಣ ತಂಡವೊಂದಿರುತ್ತದೆ. ಭಾಗವಹಿಸುವವರಿಗೆ ಆ ಕಥೆ ಗೊತ್ತಿರಬಾರದು. ಅಭ್ಯಾಸ ನಡೆಯುತ್ತಿರುವಾಗ ತಂಡದವರು ಒಂದೊಂದೇ ಸುದ್ದಿಯನ್ನು ಒಳಗೆ ಬಿಡುತ್ತಾರೆ: ಗಾಳಿ ದಿಕ್ಕು ಬದಲಿಸಿತು, ಬಸ್ ಚಾಲಕರು ಬರಲು ಒಪ್ಪುತ್ತಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳಿದ್ದಾರೆ. ಪ್ರತಿ ಸಂದೇಶಕ್ಕೂ ಮೊದಲು 'ಇದು ಅಭ್ಯಾಸ' ಎಂದು ಹೇಳಲೇಬೇಕು, ಇಲ್ಲವಾದರೆ ನಿಜವಾದ ಗಾಬರಿ ಹಬ್ಬುತ್ತದೆ. ಮೌಲ್ಯಮಾಪಕರು ಗಡಿಯಾರ ಹಿಡಿದು ಬರೆದುಕೊಳ್ಳುತ್ತಾರೆ, ಯಾರಿಗೂ ನೆರವಾಗುವುದಿಲ್ಲ.

ಗಡಿಯಾರಕ್ಕೆ ಇಷ್ಟು ಬೆಲೆ ಯಾಕೆ ಎಂಬುದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯೊಂದೇ ಸಾಕು. ವಯಸ್ಕರಿಗೆ 130 ಮಿಲಿಗ್ರಾಂ. ಈ ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಬಿಟ್ಟರೆ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗವಿರುವುದಿಲ್ಲ. ಸೋರಿಕೆ ತಲುಪುವ ಮುಂಚಿನ 24 ಗಂಟೆಯೊಳಗೆ, ತಡವೆಂದರೆ ತಲುಪಿದ ಎರಡು ಗಂಟೆಯೊಳಗೆ ನುಂಗಿದರೆ ಅತಿ ಹೆಚ್ಚು ಫಲ; ಎಂಟು ಗಂಟೆಯವರೆಗೂ ಒಂದಿಷ್ಟು ಪ್ರಯೋಜನವಿದೆ. ಅಷ್ಟರೊಳಗೆ ತೀರ್ಮಾನವಾಗಬೇಕು, ದಾಸ್ತಾನಿನ ಬೀಗ ತೆಗೆಯಬೇಕು, ಮಾತ್ರೆ ಮನೆ ಮುಟ್ಟಬೇಕು. ಜಪಾನಿನಲ್ಲಿ ಮಾತ್ರೆ ನುಂಗಿ ಎಂಬ ಕೇಂದ್ರ ಸರ್ಕಾರದ ಸೂಚನೆ ಬಂದಾಗ ಮಾರ್ಚ್ 16; ಜನ ಬಹುಪಾಲು ಊರು ಬಿಟ್ಟಾಗಿತ್ತು. ಮಿಹಾರು ಎಂಬ ಪುಟ್ಟ ಪಟ್ಟಣ ಮಾತ್ರ ಗಾಳಿಯ ದಿಕ್ಕು ನೋಡಿ, ಮೇಲಿನವರ ಅಪ್ಪಣೆಗೆ ಕಾಯದೆ 15ರಂದೇ ಹಂಚಿತ್ತು.

ಕಾರವಾರ ತಾಲೂಕಿನ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ನಮ್ಮ ದೇಶದಲ್ಲಿ ಸ್ಥಾವರದ ಸುತ್ತ 16 ಕಿ.ಮೀ.ವರೆಗೆ ತುರ್ತು ಯೋಜನೆ ಇರಬೇಕು, ಊರುಗಳನ್ನೂ ಒಳಗೊಂಡ ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ ನಡೆಯಬೇಕು. ಬೇಲಿಯಾಚೆಯ ಹೊಣೆ ಸ್ಥಾವರದ್ದಲ್ಲ, ಜಿಲ್ಲಾಡಳಿತದ್ದು. ಹೀಗಾಗಿ ಪೊಲೀಸರು, ಸಾರಿಗೆ ಸಂಸ್ಥೆ, ಆಶಾ ಕಾರ್ಯಕರ್ತೆಯರು, ಪಂಚಾಯಿತಿಯವರು ಎಲ್ಲರಿಗೂ ಇದರಲ್ಲಿ ಕೆಲಸವಿದೆ.

ಉತ್ತರ ಕನ್ನಡದ ಮಳೆಗಾಲ ಕಥೆ ಬರೆಯುವವರಿಗೆ ಬೇಕಾದ್ದೆಲ್ಲ ಕೊಟ್ಟಿದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಬಿದ್ದಿತು. ಬಿಸಿಲಿನ ದಿನ ನೋಡಿ, ಮೊದಲೇ ಡಂಗುರ ಹೊಡೆದು, ಸಾಲಾಗಿ ನಿಂತ ಬಸ್ಸುಗಳಿಗೆ ಜನರನ್ನು ಹತ್ತಿಸಿದರೆ ಬಸ್ಸಿಗೆ ಹತ್ತುವುದಷ್ಟೇ ಅಭ್ಯಾಸವಾಗುತ್ತದೆ. ಜುಲೈ ತಿಂಗಳ ಒಂದು ರಾತ್ರಿ, ಘಟ್ಟದ ರಸ್ತೆ ಬಂದ್, ಮೊಬೈಲ್ ಟವರ್ ಬಂದ್ ಎಂದು ಬರೆದು ನೋಡಲಿ. ಎಡವಿದ ಕಡೆಗಳ ಪಟ್ಟಿ ಮಾಡಿ, ಪ್ರತಿ ಲೋಪವನ್ನೂ ಯಾರು, ಯಾವ ತಾರೀಖಿನೊಳಗೆ ಸರಿಪಡಿಸಬೇಕು ಎಂದು ಗೊತ್ತುಮಾಡಲಿ. ಆ ಪಟ್ಟಿ 16 ಕಿ.ಮೀ. ಒಳಗಿನ ಪ್ರತಿ ಪಂಚಾಯಿತಿಗೂ ಕನ್ನಡದಲ್ಲಿ ತಲುಪಲಿ.