ಮೊದಲು ಕಾಟಾ, ಆಮೇಲೆ ಖೋಲಿ

ಹೋದ ತಿಂಗಳು ಕಲಬುರಗಿಯ ಕಪನೂರಿನ ನಮ್ಮ ವರ್ಕ್‌ಶಾಪಿಗೆ ರಿಟೈರ್ಡ್ ಮಾಸ್ತರೊಬ್ಬರು ಬಂದಿದ್ದರು. ತೊಗರಿ ಸಾಗಿಸಲು ಅಂತ ಮಗ ಕೊಂಡ ಸಣ್ಣ ಪಿಕಪ್ ಮನೆಯಲ್ಲಿದೆ. ರಾಶಿ ಮುಗಿದ ಮೇಲೆ ಗಾಡಿ ಖಾಲಿ. ಗಂಡ-ಹೆಂಡತಿ ಇಬ್ಬರೂ ಗಾಣಗಾಪುರ, ಮೈಲಾಪುರ, ಚಂದ್ರಂಪಳ್ಳಿ ಡ್ಯಾಮು ಅಂತ ತಿರುಗಬೇಕು, ಲಾಡ್ಜ್ ಹುಡುಕುವ ತಾಪತ್ರಯ ಬೇಡ. "ಡಾಲಾದಾಗ ಒಂದು ಖೋಲಿ ಕೂಡಿಸ್ಲೇನ್ರಿ, ಇಲ್ಲಾ ಹಿಂದ ಟ್ರೇಲರ್ ಹಚ್ಚಿ ಎಳೀಲೇನ್ರಿ?" ಅಂತ ಕೇಳಿದರು. ಡಾಲಾ ಅಂದ್ರೆ ಪಿಕಪ್ ಹಿಂದಿನ ಸಾಮಾನು ಹೇರುವ ತೊಟ್ಟಿ, ಖೋಲಿ ಅಂದ್ರೆ ಅದರಲ್ಲಿ ಕೂರಿಸುವ ಕೋಣೆ.

"ಮೊದಲ ಕಾಟಾಕ್ಕ ಹೋಗಿ ಬರ್ರಿ ಮಾಸ್ತರ" ಅಂದೆ.

ಕಾಟಾ ಅಂದ್ರೆ ಗಾಡಿ ತೂಗುವ ವೇಬ್ರಿಡ್ಜ್. ಹೋಗಿ ಬರ್ರಿ ಅಂದಿದ್ದು ಸುಮ್ನೆ ತಪ್ಪಿಸಿಕೊಳ್ಳುವ ಮಾತಲ್ಲ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸಮೇತ ಗರಿಷ್ಠ ಎಷ್ಟು ಅನ್ನೋದು. ಕಳೆದರೆ ಉಳಿಯುವುದೇ ನಿಮ್ಮ ಬಂಡವಾಳ. ಟಾಟಾ ಏಸ್ ಸೈಜಿನ ಗಾಡಿಗೆ ಅದು ಸುಮಾರು 750 ಕೆಜಿ. ಬೊಲೆರೊ ಪಿಕಪ್‌ನಲ್ಲಾದರೆ 1.3 ಟನ್, 1.7 ಟನ್ ಅಂತ ಮಾಡೆಲ್ ಹೆಸರಲ್ಲೇ ಇದೆ. ಆದರೆ ಮೊದಲೇ ಡಾಲಾಕ್ಕೆ ಕಬ್ಬಿಣದ ಪಟ್ಟಿ ಬೆಸೆಸಿ, ಹಿಂದೆ ಪಾಟಾ (ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿಸಿ, ತಳಕ್ಕೆ ದಪ್ಪ ತಗಡು ಹೊದಿಸಿದ್ದರೆ ಖಾಲಿ ಗಾಡಿಯ ತೂಕ ಆರ್‌ಸಿಯಲ್ಲಿ ಇದ್ದಂತೆ ಇರೋದಿಲ್ಲ. ಪಾಟಾ ಜಾಸ್ತಿ ಹಾಕಿದರೆ ಗಾಡಿ ಕೂರುವುದು ನಿಲ್ಲುತ್ತೆ, ಅಷ್ಟೇ. ಬ್ರೇಕು, ಟಯರು, ಆ್ಯಕ್ಸಲ್ (ಗಾಲಿಗಳ ಅಚ್ಚು) ಹಳೇವೇ ಅಲ್ವಾ?

ನಾನು ಕಟ್ಟಿದ ಮೊದಲ ಖೋಲಿಯ ಕಥೆ ಹೇಳಿಬಿಡ್ತೀನಿ. ತಪ್ಪು ಪೂರ್ತಿ ನನ್ನದೇ. ಏಸ್ ಸೈಜಿನ ಗಾಡಿ. ಟ್ರ್ಯಾಕ್ಟರ್ ಟ್ರಾಲಿ ಕಟ್ಟಿದ ಕೈ, ಗಟ್ಟಿ ಅಂದ್ರೆ ಕಬ್ಬಿಣ ಅಂತಲೇ ಗೊತ್ತಿದ್ದದ್ದು. ಚೌಕ ಪೈಪಿನ ಚೌಕಟ್ಟು, ಮೇಲೆ ತಗಡು, ಒಳಗೆ ಪ್ಲೈವುಡ್. ಎಂಟಕ್ಕೆ ನಾಲ್ಕು ಅಡಿಯ 18 ಗೇಜ್ ತಗಡು ಒಂದಕ್ಕೇ 28 ಕೆಜಿ ಬರುತ್ತೆ. 12 ಎಂಎಂ ಪ್ಲೈ ಹಾಳೆ 20 ಕೆಜಿ ದಾಟುತ್ತೆ. ಖೋಲಿಯೇ 480 ಕೆಜಿ ಆಯ್ತು. 150 ಲೀಟರ್ ನೀರು ಅಂದ್ರೆ 150 ಕೆಜಿ. ದೊಡ್ಡ ಇನ್ವರ್ಟರ್ ಬ್ಯಾಟರಿ 60, ತುಂಬಿದ ಗ್ಯಾಸ್ ಸಿಲಿಂಡರ್ 30, ಇಬ್ಬರು ಮಂದಿ 130. ಕೂಡಿಸಿ ನೋಡಿ, 850. ಹಾಸಿಗೆ, ಪಾತ್ರೆ, ರೊಟ್ಟಿ ಗಂಟು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ನೀರಿನ ಟಾಕಿ ಇಟ್ಟ ಜಾಗ. ನಲ್ಲಿ ಹೊರಗೆ ಬರಲಿ, ಕೈಕಾಲು ತೊಳೆಯಲು ಅನುಕೂಲ ಅಂತ ತೀರಾ ಹಿಂದೆ, ಬಾಗಿಲ ಪಕ್ಕ ಕೂರಿಸಿದ್ದೆ. ಹಿಂದಿನ ಆ್ಯಕ್ಸಲ್‌ನಿಂದ 70 ಸೆಂಟಿಮೀಟರ್ ಆಚೆ. ಗಾಡಿಯ ಎರಡು ಆ್ಯಕ್ಸಲ್ ನಡುವಿನ ಅಂತರ 210 ಸೆಂಟಿಮೀಟರ್. ಅಂದರೆ ಅದರ ಮೂರನೇ ಒಂದು ಪಾಲು. 150 ಕೆಜಿ ನೀರು ಮುಂದಿನ ಗಾಲಿಗಳ ಮೇಲಿದ್ದ ಭಾರದಲ್ಲಿ 50 ಕೆಜಿ ಎತ್ತಿಬಿಡುತ್ತೆ, ಹಿಂದಿನ ಗಾಲಿಗಳ ಮೇಲೆ 200 ಕೆಜಿ ಹೇರುತ್ತೆ. ಹುಮನಾಬಾದ್ ರೋಡಿನಲ್ಲಿ ಟ್ರಯಲ್‌ಗೆ ಹೊರಟಾಗ ಸ್ಟೇರಿಂಗ್ ಎಷ್ಟು ಹಗುರ ಅಂದ್ರೆ, ಕೈಯಲ್ಲಿ ಬರೀ ತಾಟು ಹಿಡಿದಂಗಿತ್ತು. ಎದುರಿಗೆ ಲಾರಿ ಹಾದಾಗ ಬಂದ ಗಾಳಿಗೆ ಗಾಡಿ ಒಂದು ಮೊಳ ಸರಿಯಿತು. ಅಲ್ಲೇ ನಿಲ್ಲಿಸಿ, ನೀರು ಚೆಲ್ಲಿ, ನಿಧಾನಕ್ಕೆ ವಾಪಸ್ ಬಂದೆ.

ಅವತ್ತಿನಿಂದ ಖೋಲಿ ಕಟ್ಟುವ ಮುಂಚೆ ಡಾಲಾದ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೀತೀನಿ, ಹಿಂದಿನ ಆ್ಯಕ್ಸಲ್‌ನ ನೇರಕ್ಕೆ. ನೀರು, ಬ್ಯಾಟರಿ, ಗ್ಯಾಸ್ ಎಲ್ಲಾ ಆ ಗೆರೆಯಿಂದ ಮುಂದೆ, ತಳದಲ್ಲಿ. ಹಿಂದೆ ಹಾಸಿಗೆ, ಬಟ್ಟೆ. ಕಾಟಾದಲ್ಲೂ ಮೂರು ಸಲ ತೂಗಿಸಿ: ಪೂರ್ತಿ ಗಾಡಿ, ಮುಂದಿನ ಗಾಲಿ ಮಾತ್ರ, ಹಿಂದಿನ ಗಾಲಿ ಮಾತ್ರ. ಕಾಟಾದವರು ಗೊಣಗ್ತಾರೆ. ಗೊಣಗಲಿ ಬಿಡಿ.

ಇನ್ನು ಟ್ರೇಲರ್. ಗಾಡಿಯ ಬೆನ್ನಿಗೆ ಭಾರ ಕಮ್ಮಿ, ಒಳಗೆ ಜಾಗ ಜಾಸ್ತಿ, ಊರು ಮುಟ್ಟಿದ ಮೇಲೆ ಕಳಚಿಟ್ಟು ಬರೀ ಪಿಕಪ್‌ನಲ್ಲಿ ಸಂತೆಗೆ ಹೋಗಬಹುದು. ಒಂದೇ ಕಡೆ ವಾರಗಟ್ಟಲೆ ಇರುವವರಿಗೆ ಇದೇ ಸರಿ. ಆದರೆ ಹುಕ್ಕಿನ ಮೇಲೆ ಬೀಳುವ ಭಾರ ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಇರಬೇಕು. 600 ಕೆಜಿ ಟ್ರೇಲರ್ ಅಂದ್ರೆ 60ರಿಂದ 90 ಕೆಜಿ. ಅದು ಕಮ್ಮಿಯಾದರೆ ಟ್ರೇಲರ್ ಹಿಂದೆ ಬಾಲ ಬೀಸೋಕೆ ಶುರು ಮಾಡುತ್ತೆ. ಆಗ ಗಡಬಡಿಸಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮೇಲಿನ ಕಾಲು ತೆಗೀರಿ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಗಾಡಿಯನ್ನೇ ದೂಕುತ್ತೆ. ರಿವರ್ಸ್ ವಿಷಯ ಟ್ರ್ಯಾಕ್ಟರ್ ಹೊಡೆದವರಿಗೆ ಹೇಳಬೇಕಿಲ್ಲ. ಆದರೆ ನೆನಪಿರಲಿ, ಟ್ರೇಲರ್ ಗಿಡ್ಡ ಇದ್ದಷ್ಟೂ ಬೇಗ ಮಡಚಿಕೊಳ್ಳುತ್ತೆ.

ಕಾಗದಪತ್ರದ ಮಾತು. ಟ್ರ್ಯಾಕ್ಟರಿಗೊಂದು ನಂಬರ್, ಟ್ರಾಲಿಗೊಂದು ನಂಬರ್ ಇರೋದು ನೋಡಿದ್ದೀರಿ. ಇಲ್ಲೂ ಹಾಗೇ, ಟ್ರೇಲರ್‌ಗೆ ಬೇರೆ ರಿಜಿಸ್ಟ್ರೇಷನ್ ಬೇಕು. ನಿಮ್ಮ ಪಿಕಪ್ ಎಷ್ಟು ಎಳೆಯಬಹುದು ಅಂತ ಕಂಪನಿ ಬರೆದುಕೊಟ್ಟಿದೆಯೇ ನೋಡಿ. ಬರೆದಿಲ್ಲ ಅಂದ್ರೆ ಹುಕ್ಕು ಬೆಸೆಸಲು ನನ್ನ ಹತ್ತಿರ ಬರಬೇಡಿ. ಖೋಲಿಯನ್ನೂ ಚಾಸಿಗೆ (ಗಾಡಿಯ ತಳದ ಚೌಕಟ್ಟಿಗೆ) ಬೆಸೆದುಬಿಟ್ಟರೆ ಗಾಡಿಯ ರೂಪವೇ ಬದಲಾಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಇಳಿಸಿ-ಏರಿಸುವ ಖೋಲಿಯಾದರೂ ಆರ್‌ಟಿಒ ಕಚೇರಿಗೆ ಫೋಟೊ ಒಯ್ದು ಮೊದಲೇ ಕೇಳಿಬನ್ನಿ. ಮತ್ತೆ, ಗಾಡಿ ಓಡುವಾಗ ಹಿಂದೆ ಯಾರೂ ಮಲಗಬಾರದು.

ನನ್ನ ಮತ ಖೋಲಿಗೇ, ಆದರೆ ಅರ್ಧ ಖೋಲಿಗೆ. ನಮ್ಮ ಹಿರಿಯರು ಜಾತ್ರೆಗೆ ಹೋಗುತ್ತಿದ್ದ ಸವಾರಿ ಬಂಡಿ ನೆನಪಿಸಿಕೊಳ್ಳಿ. ಕೆಳಗೆ ಗಟ್ಟಿ ಬಂಡಿ, ಮೇಲೆ ಬರೀ ಬಿದಿರಿನ ಕಮಾನು. ಅದೇ ಲೆಕ್ಕ. ಡಾಲಾದ ಎತ್ತರದವರೆಗೆ ಪೆಟ್ಟಿಗೆ, ಮೇಲಿನದು ನಿಂತಾಗ ಬಿಚ್ಚುವ ತಾಡಪತ್ರಿ. ಗಾಳಿಗೆ ಸಿಗೋದಿಲ್ಲ, ತೂಕ ಇಲ್ಲ, ಮೇ ತಿಂಗಳ 42 ಡಿಗ್ರಿಯಲ್ಲಿ ನಾಲ್ಕೂ ಕಡೆ ಬಿಚ್ಚಿಬಿಡಬಹುದು. ಪೂರ್ತಿ ತಗಡಿನ ಖೋಲಿ ನಮ್ಮ ಬಿಸಿಲಿಗೆ ರೊಟ್ಟಿ ಹಂಚು. ರಾಶಿ ಟೈಮಿಗೆ ಅರ್ಧ ಖೋಲಿಗೆ ನಾಲ್ಕು ಜಾಕ್ ಕೊಟ್ಟು ಅಂಗಳದಲ್ಲಿ ನಿಲ್ಲಿಸಿದರೆ ಪಿಕಪ್ ತೊಗರಿಗೆ ಹೋಗುತ್ತೆ.

ಮಾಸ್ತರು ಮೂರು ಕಾಟಾ ಚೀಟಿ ತಂದರು. ಅವರಿಗೆ ಅದೇ ಅರ್ಧ ಖೋಲಿ ಕಟ್ಟಿದೆ, 210 ಕೆಜಿಗೆ ಮುಗೀತು. ಗಾಣಗಾಪುರಕ್ಕೆ ಹೋಗಿ ಎರಡು ರಾತ್ರಿ ಇದ್ದು ಬಂದಿದ್ದಾರೆ. ಮೆಟ್ಟಿಲು ಎತ್ತರ ಆಯ್ತು, ಮೊಣಕಾಲು ನೋಯ್ತದ ಅಂತ ಮನೆಯವರು ಬೈದರಂತೆ. ಈ ಸೋಮವಾರ ಗಾಡಿ ಬರುತ್ತೆ, ಇನ್ನೊಂದು ಪಾವಟಿಗೆ ಬೆಸೆದುಕೊಡಬೇಕು.